ವಚನಗಳಲ್ಲಿ ಬಳಕೆಯ ವಸ್ತುಗಳ ಹೆಸರು: ಅರ್ಥನಿರ್ಣಯದ ಒಂದು ಸಮಸ್ಯೆ

ವಚನ ಸಾಹಿತ್ಯದ ಅಧ್ಯಯನದಲ್ಲಿ ಇಂದು ಒಂದು ವಿಪರ್ಯಾಸವು ಕಂಡುಬರುತ್ತಿದೆ. ಷಟ್‍ಸ್ಥಲ, ಅಷ್ಟಾವರಣ, ಲಿಂಗಾಂಗ ಸಾಮರಸ್ಯ ಮೊದಲಾದ ಶಾಸ್ತ್ರಪದಗಳ ಅರ್ಥವನ್ನು ಕೇಳಿದರೆ ಸಾಹಿತ್ಯದ ವಿದ್ಯಾರ್ಥಿಯು ತಕ್ಕಮಟ್ಟಿನ ಉತ್ತರವನ್ನು ಹೇಳಬಲ್ಲನು. ಕದಿರು ಎಂದರೇನು, ಕಂಡಿಕೆ ಎಂದರೇನು, ಕೊಟ್ಟಣವೆಂದರೇನು ಎಂದು ಕೇಳಿದರೆ ಅದೇ ವಿದ್ಯಾರ್ಥಿಯು ಮೌನ ತಾಳುತ್ತಾನೆ. ಹಿಂದಿನ ಟೀಕಾಕಾರರ ಕಾಲದಲ್ಲಿ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾಗಿತ್ತು. ಅವರು ಬೆಡಗಿನ ವಚನಗಳಿಗೆ ಟೀಕೆ ಬರೆಯುವಾಗ ಒಳಗಿನ ತತ್ತ್ವವನ್ನು ಬಿಡಿಸಿ ಹೇಳಿದರೇ ಹೊರತು, ರಾಟೆ ಹೇಗಿರುತ್ತದೆ, ಲಾಳಿ ಹೇಗೆ ಓಡುತ್ತದೆ ಎಂಬುದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ. ಮನೆಮನೆಯಲ್ಲಿದ್ದ ವಸ್ತುವಿಗೆ ಟೀಕೆ ಏತಕ್ಕೆ? ಈಗ ವಸ್ತುವು ಮನೆಯಿಂದ ಹೋಗಿದೆ, ಟೀಕೆಯೂ ಇಲ್ಲ. ಅಂದು ಅತ್ಯಂತ ಸುಲಭವಾಗಿದ್ದ ಮಾತುಗಳೇ ಇಂದು ಅತ್ಯಂತ ಕಠಿನವಾದ ಮಾತುಗಳಾಗಿವೆ.

ಇದು ಕೇವಲ ಪದಸಂಪತ್ತಿನ ನಷ್ಟವಲ್ಲ, ಅರ್ಥದ ನಷ್ಟವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಶರಣರು ಕಾಯಕವನ್ನು ಅನುಭಾವದ ಮಟ್ಟಕ್ಕೆ ಏರಿಸಿದರೆಂದು ನಾವು ವೇದಿಕೆಗಳಲ್ಲಿ ಕೊಂಡಾಡುತ್ತೇವೆ. ಕಾಯಕವು ನಡೆಯುವುದು ಉಪಕರಣದಿಂದ. ಆ ಉಪಕರಣವನ್ನರಿಯದೆ ಮಾಡುವ ಕಾಯಕದ ಪ್ರಶಂಸೆಯು ಬರಿಯ ಮಾತಾಗಿ ಉಳಿಯುತ್ತದೆ.

ಮೊದಲು ನಮ್ಮ ನಿಘಂಟುಗಳ ರೀತಿಯನ್ನು ನೋಡೋಣ. ಹಳೆಯ ಕೋಶಗಳಲ್ಲಿಯೂ ಪಠ್ಯಪುಸ್ತಕಗಳ ಕೊನೆಯ ಶಬ್ದಾರ್ಥಗಳಲ್ಲಿಯೂ 'ವಾದ್ಯವಿಶೇಷ', 'ಆಯುಧವಿಶೇಷ', 'ವೃಕ್ಷವಿಶೇಷ', 'ಒಂದು ಬಗೆಯ ಪಾತ್ರೆ' ಎಂಬ ಅರ್ಥಗಳು ಹೇರಳವಾಗಿ ಸಿಕ್ಕುತ್ತವೆ. ಎಲ್ಲಿ 'ವಿಶೇಷ' ಎಂದು ಬರೆದಿದೆಯೋ ಅಲ್ಲಿ ಆ ವಸ್ತುವಿನ ವಿಶೇಷವೇನೆಂಬುದೊಂದನ್ನು ಬಿಟ್ಟು ಉಳಿದುದೆಲ್ಲ ಇರುತ್ತದೆ. ಪದ್ಯಕ್ಕೆ ಅಲಂಕಾರವಾಗಿ ಬಂದ ಮರದ ಹೆಸರಿಗೆ ಇಷ್ಟು ಅರ್ಥ ಸಾಕಾದೀತು. ಒಂದು ಉಪಕರಣದ ಅಂಗಾಂಗಗಳ ಮೇಲೆಯೇ ರೂಪಕವನ್ನು ಕಟ್ಟಿದ ವಚನಕ್ಕೆ ಇದು ಸಾಲದು.

ಕದಿರ ರೆಮ್ಮವ್ವೆಯ ರಾಟೆಯ ವಚನವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ನೂಲುವ ಕಾಯಕದ ಈ ಶರಣೆಯ ಹೆಸರಿನಲ್ಲಿಯೇ ಕದಿರು ಸೇರಿಕೊಂಡಿದೆ. ತಾನು ತಿರುಗಿಸುವ ರಾಟೆಯ ಕುಲವನ್ನು ಕೇಳಿರೆಂದು ಆಕೆ ಆರಂಭಿಸುತ್ತಾಳೆ. ಅಡಿಯ ಹಲಗೆಯಲ್ಲಿ ಬ್ರಹ್ಮನನ್ನೂ, ತೋರಣದಲ್ಲಿ ವಿಷ್ಣುವನ್ನೂ, ನಿಂತ ಬೊಂಬೆಯಲ್ಲಿ ರುದ್ರನನ್ನೂ ಕಾಣುತ್ತಾಳೆ. ಬಳಿಕ ಎರಡು ಸೂತ್ರಕರ್ಣಗಳನ್ನು ಹೇಳಿ, ಕದಿರನ್ನು ಅರಿವೆಂದೂ ತಿರುಗಿಸುವ ಕೈಯನ್ನು ಭಕ್ತಿಯೆಂದೂ ನಿರೂಪಿಸುತ್ತಾಳೆ.

ಇಲ್ಲಿಯ ತೋರಣವೆಂದರೆ ಬಾಗಿಲಿಗೆ ಕಟ್ಟುವ ಮಾವಿನೆಲೆಯ ಮಾಲೆಯೆಂದೂ, ಬೊಂಬೆಯೆಂದರೆ ಮಕ್ಕಳ ಆಟದ ಗೊಂಬೆಯೆಂದೂ ತಿಳಿಯುವ ವಿದ್ಯಾರ್ಥಿಗಳನ್ನು ನಾನು ತರಗತಿಯಲ್ಲಿ ಅನೇಕ ಸಲ ಕಂಡಿದ್ದೇನೆ. ತಪ್ಪು ಅವರದಲ್ಲ, ಅವರಿಗೆ ದೊರೆತಿರುವ ಅರ್ಥಗಳು ಅವೆರಡೇ. ತೋರಣವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ದ್ವಾರದ ಕಮಾನು ಎಂಬುದು ಮುಖ್ಯವಾದ ಅರ್ಥ. ಸಾಂಚಿಯ ಸ್ತೂಪದ ಸುತ್ತ ನಿಂತಿರುವ ಕಲ್ಲಿನ ತೋರಣಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಆದುದರಿಂದ ರಾಟೆಯ ತೋರಣವನ್ನು ಹಲಗೆಯ ಮೇಲೆ ದ್ವಾರದಂತೆ ಎದ್ದು ನಿಂತ ಚೌಕಟ್ಟೆಂದೂ, ನಿಂತ ಬೊಂಬೆಯನ್ನು ಕದಿರಿಗೆ ಆಧಾರವಾಗಿ ನೆಟ್ಟ ಕಂಬವೆಂದೂ ಗ್ರಹಿಸುವುದು ಸಮಂಜಸ. ಸೂತ್ರಕರ್ಣಗಳೆಂದರೆ ಹೆಸರೇ ಸೂಚಿಸುವಂತೆ ಕದಿರನ್ನು ಎರಡು ಕಡೆ ಹಿಡಿದು ತಿರುಗಗೊಡುವ ಕಿವಿಗಳಾಗಿರಬೇಕು. ಹಿಂದಿಯಲ್ಲಿ ಚರಕದ ಈ ಅಂಗವನ್ನು ಚಮರಖ್ ಎನ್ನುತ್ತಾರೆ; ಅಲ್ಲಿ ಅದು ತೊಗಲಿನ ತುಂಡು.

ಕುತೂಹಲಕರವಾದ ಒಂದು ಹೋಲಿಕೆಯನ್ನು ಇಲ್ಲಿ ಹೇಳಬಹುದು. ಯುರೋಪಿನ ಕಾಲುರಾಟೆಯಲ್ಲಿ ನೂಲು ಸುತ್ತುವ ಭಾಗವನ್ನು ಹಿಡಿದು ನಿಲ್ಲುವ ಎರಡು ಕಂಬಗಳಿಗೆ ಇಂಗ್ಲಿಷಿನಲ್ಲಿ 'ಮೇಡನ್ಸ್' ಎಂದರೆ ಕನ್ಯೆಯರು ಎಂದೂ, ಅವುಗಳನ್ನು ಹೊತ್ತ ಅಡ್ಡ ಮರಕ್ಕೆ 'ಮದರ್ ಆಫ್ ಆಲ್' ಎಂದರೆ ಎಲ್ಲರ ತಾಯಿ ಎಂದೂ ಹೆಸರು. ಒಬ್ಬರನ್ನೊಬ್ಬರು ಅರಿಯದ ಎರಡು ನಾಡುಗಳ ನೂಲುವವರು ತಮ್ಮ ರಾಟೆಯ ಕಂಬದಲ್ಲಿ ಮನುಷ್ಯಾಕೃತಿಯನ್ನು ಕಂಡಿದ್ದಾರೆ. ಇಂಗ್ಲಿಷ್ ಬಲ್ಲವರೆಲ್ಲರಿಗೂ ಈ ಮಾತುಗಳು ಗೊತ್ತಿಲ್ಲ. ಬಳಕೆಯ ವಸ್ತುವಿನ ಹೆಸರು ಕಣ್ಮರೆಯಾಗುವುದು ಕನ್ನಡವೊಂದರ ದೌರ್ಭಾಗ್ಯವೇನೂ ಅಲ್ಲ.

ವಸ್ತುವನ್ನರಿತ ಮೇಲೆ ವಚನದ ಅರ್ಥವು ಹೇಗೆ ಬೆಳೆಯುತ್ತದೆಂಬುದನ್ನು ಗಮನಿಸಬೇಕು. ಹಲಗೆ, ತೋರಣ, ಬೊಂಬೆ ಇವು ಮೂರೂ ರಾಟೆಯಲ್ಲಿ ಚಲಿಸದ ಭಾಗಗಳು. ಚಲಿಸುವುದು ತಿರುಗಿಸುವ ಕೈ ಮತ್ತು ತಿರುಗುವ ಕದಿರು. ತ್ರಿಮೂರ್ತಿಗಳನ್ನು ರೆಮ್ಮವ್ವೆ ಅಲುಗಾಡದ ಮರದಲ್ಲಿ ನಿಲ್ಲಿಸಿ, ನೂಲನ್ನು ಹುಟ್ಟಿಸುವ ಶಕ್ತಿಯನ್ನು ಭಕ್ತಿಗೂ ಅರಿವಿಗೂ ಕೊಟ್ಟಿದ್ದಾಳೆ. ಆಕೆಯ ಸಿದ್ಧಾಂತವು ಪ್ರತ್ಯೇಕವಾದ ಒಂದು ವಾಕ್ಯದಲ್ಲಿ ಇಲ್ಲ. ರಾಟೆಯ ಯಾವ ಅಂಗಕ್ಕೆ ಯಾವ ಹೆಸರು ಎಂಬ ಹಂಚಿಕೆಯಲ್ಲಿಯೇ ಇದೆ. 'ಶರಣೆಯು ರಾಟೆಯನ್ನು ದೇವತೆಗಳಿಗೆ ಹೋಲಿಸಿದ್ದಾಳೆ' ಎಂದು ಸಾರಾಂಶ ಬರೆದರೆ ಈ ವಿಚಾರವು ಪೂರ್ತಿಯಾಗಿ ಬಿಟ್ಟುಹೋಗುತ್ತದೆ.

ವಚನದ ಕೊನೆಯಲ್ಲಿ ಕದಿರು ತುಂಬಿತೆಂದೂ, ಇನ್ನು ರಾಟೆಯನ್ನು ತಿರುಗಿಸಲಾರೆನೆಂದೂ, ತಿರುಗಿಸಿದರೆ ಗಂಡನ ಪೆಟ್ಟು ತಪ್ಪದೆಂದೂ ಹೇಳುತ್ತಾಳೆ. ನೂಲುವ ಕೆಲಸವನ್ನು ಅರಿಯದವರು ಇದನ್ನು ಆಯಾಸದ ಮಾತೆಂದು ಓದುತ್ತಾರೆ. ತುಂಬಿದ ಕದಿರಿನ ಮೇಲೆ ಮತ್ತೂ ನೂತರೆ ನೂಲು ಜಾರಿ ಸಿಕ್ಕಾಗುತ್ತದೆ, ಅದುವರೆಗೆ ನೂತದ್ದೂ ಕೆಡುತ್ತದೆ. ಕದಿರು ತುಂಬಿದೊಡನೆ ನಿಲ್ಲಿಸುವುದೇ ಬಲ್ಲವಳ ಲಕ್ಷಣ. ಅರಿವು ಪರಿಪೂರ್ಣವಾದ ಮೇಲೆ ಕ್ರಿಯೆಯು ತಾನೇ ನಿಲ್ಲುತ್ತದೆಂಬ ಅನುಭಾವದ ಮಾತು ಇಲ್ಲಿ ನೂಲುವವಳ ನಿತ್ಯದ ಎಚ್ಚರವಾಗಿ ಬಂದಿದೆ. ಕದಿರ್ ಎಂಬ ಶಬ್ದಕ್ಕೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕಿರಣವೆಂಬ ಅರ್ಥವೂ ಇರುವುದರಿಂದ, ಅರಿವನ್ನು ಕದಿರೆಂದು ಕರೆಯುವಲ್ಲಿ ಬೆಳಕಿನ ಧ್ವನಿಯೊಂದು ಸಹಜವಾಗಿಯೇ ಸೇರುತ್ತದೆ. ಇಂಗ್ಲಿಷಿಗೆ ತರುವವರು ಎರಡರಲ್ಲಿ ಒಂದನ್ನು ಬಿಡಲೇಬೇಕು.

ಎರಡನೆಯ ನಿದರ್ಶನ ಜೇಡರ ದಾಸಿಮಯ್ಯನ ನೆಯ್ಗೆಯ ವಚನ. ಹಾಸಿನ ನೂಲನ್ನು ಅಣಿಗೊಳಿಸುವ ಕ್ರಿಯೆಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ ಲಾಳಿಯ ಮುಳ್ಳು ಕಂಡಿಕೆಯನ್ನು ತಿಂದುಹಾಕಿದ ಚಿತ್ರವೊಂದನ್ನು ಆತನು ಮುಂದಿಡುತ್ತಾನೆ. ಬಳಿಕ, ಈ ಸೀರೆಯನ್ನು ನೆಯ್ದವನು ತಾನೋ ರಾಮನಾಥನೋ ಎಂದು ಕೇಳುತ್ತಾನೆ. ಮುಳ್ಳೆಂದರೆ ಗಿಡದ ಮುಳ್ಳೆಂದು ತಿಳಿದವರಿಗೆ ಇದು ಬೆಡಗಾಗಿ ಕಾಣುತ್ತದೆ. ಅವರು ಮುಳ್ಳಿಗೆ ಮಾಯೆಯನ್ನೋ ಮನಸ್ಸನ್ನೋ ಹಚ್ಚಿ ವ್ಯಾಖ್ಯಾನ ಮಾಡಲು ಹೊರಡುತ್ತಾರೆ. ಮಗ್ಗದ ಮುಂದೆ ಅರ್ಧ ಗಂಟೆ ಕುಳಿತವನಿಗೆ ಇಲ್ಲಿ ಒಗಟೇ ಇಲ್ಲ. ಲಾಳಿಯ ಹೊಟ್ಟೆಯೊಳಗಿನ ಕಡ್ಡಿಯೇ ಮುಳ್ಳು. ಹೊಕ್ಕಿನ ನೂಲನ್ನು ಸುತ್ತಿದ ಸುರುಳಿಯೇ ಕಂಡಿಕೆ. ಲಾಳಿಯು ಅತ್ತಿತ್ತ ಓಡಿದಂತೆಲ್ಲ ಕಂಡಿಕೆಯ ನೂಲು ಬಟ್ಟೆಯೊಳಕ್ಕೆ ಸೇರಿ, ಕಟ್ಟಕಡೆಗೆ ಬರಿಯ ಮುಳ್ಳು ಉಳಿಯುತ್ತದೆ. ನೇಕಾರನು ದಿನವೂ ಹತ್ತಾರು ಸಲ ಕಾಣುವ ನೋಟವಿದು.

ಅರ್ಥವು ಇದರಿಂದ ಸಣ್ಣದಾಗಲಿಲ್ಲ. ಕಂಡಿಕೆ ಬರಿದಾಯಿತೆಂದರೆ ನೂಲು ನಾಶವಾಯಿತೆಂದಲ್ಲ, ಸೀರೆಯಾಯಿತೆಂದು ಅರ್ಥ. ನೆಯ್ಯುವವನ ಕೈಯಲ್ಲಿದ್ದುದು ಮುಗಿದು, ನೆಯ್ದುದರಲ್ಲಿ ನಿಂತಿದೆ. ನೆಯ್ದವನು ಯಾರು ಎಂಬ ಪ್ರಶ್ನೆಯು ಆ ಕ್ಷಣದಲ್ಲಿಯೇ ಹುಟ್ಟುವುದು ಎಷ್ಟು ಸಹಜವೆಂಬುದು ಈಗ ಮನಸ್ಸಿಗೆ ಬರುತ್ತದೆ. ಬೆಡಗೆಂದು ನಾವು ಕರೆಯುವ ವಚನಗಳಲ್ಲಿ ಕೆಲವು ಬೆಡಗೇ ಅಲ್ಲ, ನಮ್ಮ ಅಪರಿಚಯದಿಂದ ಬೆಡಗಾದವು ಎಂದು ನನಗೆ ತೋರುತ್ತದೆ.

ಇನ್ನು ಭಾಷೆಭಾಷೆಗಳ ನಡುವಣ ಭೇದದ ವಿಚಾರ. ದ್ರಾವಿಡ ಭಾಷೆಗಳೊಳಗೆ ಈ ವಸ್ತುಪದಗಳು ಬಹುಮಟ್ಟಿಗೆ ಬಂಧುಗಳು. ನಮ್ಮ ಕದಿರು ತೆಲುಗಿನಲ್ಲಿ ಕದುರು; ನಮ್ಮ ಕಂಡಿಕೆ ಅಲ್ಲಿ ಕಂಡೆ. ಅಪ್ಪಣ್ಣನ ಹೆಸರಿನ ಹಡಪವು ತೆಲುಗಿನಲ್ಲಿ ಅಡಪಮು, ತಮಿಳಿನಲ್ಲಿ ಅಡೈಪ್ಪಂ. ಎಲೆಯಡಿಕೆಯ ಸಂಚಿಯೆಂಬ ಅರ್ಥದೊಂದಿಗೆ ಕ್ಷೌರದ ಸಲಕರಣೆಯ ಚೀಲವೆಂಬ ಅರ್ಥವೂ ಈ ಶಬ್ದಕ್ಕೆ ಹೊಂದಿಕೊಂಡಿದೆ. ಬಸವಣ್ಣನವರ ಹತ್ತಿರ ಅಪ್ಪಣ್ಣನು ಹೊತ್ತ ಹಡಪ ಯಾವುದೆಂಬ ಚರ್ಚೆಯಲ್ಲಿ, ಶಬ್ದದ ಮೂಲಾರ್ಥವು ಚೀಲವೆಂಬುದನ್ನೂ ಎರಡು ಬಳಕೆಗಳೂ ನೆರೆಭಾಷೆಗಳಲ್ಲಿ ಇವೆಯೆಂಬುದನ್ನೂ ತಿಳಿದರೆ ವಾದವು ಎಷ್ಟೋ ಶಾಂತವಾಗುತ್ತದೆ. ಆದರೆ ಬಂಧುತ್ವವು ಎಲ್ಲ ಕಡೆಯೂ ಇಲ್ಲ. ನಮ್ಮ ಹಾಸು-ಹೊಕ್ಕು ತೆಲುಗಿನಲ್ಲಿ ಪಡುಗು-ಪೇಕ, ಹಿಂದಿಯಲ್ಲಿ ತಾನಾ-ಬಾನಾ. ನಮ್ಮ ಲಾಳಿಯು ತೆಲುಗಿನಲ್ಲಿ ನಾಡೆ, ಮರಾಠಿಯಲ್ಲಿ ಧೋಟಾ, ಹಿಂದಿಯಲ್ಲಿ ಢರಕಿ. ಹೆಸರು ಬೇರೆಯಾದರೂ ಮಗ್ಗ ಒಂದೇ ಆಗಿರುವುದರಿಂದ ಈ ಭಾಷೆಗಳಲ್ಲಿ ಅನುವಾದಕನಿಗೆ ಆಪತ್ತಿಲ್ಲ.

ಆಪತ್ತು ಬರುವುದು ವಸ್ತುಗಳನ್ನು ಒಡೆದು ಹೆಸರಿಡುವ ಕ್ರಮವೇ ಬೇರೆಯಾದಾಗ. ಕನ್ನಡದಲ್ಲಿ ಗಿಡದ ಮೇಲಿನದು ಹತ್ತಿ, ಬೀಜ ಬಿಡಿಸಿದುದು ಅರಳೆ, ಹಿಂಜಿ ಸುರುಳಿ ಮಾಡಿದುದು ಹಂಜಿ, ನೂತದ್ದು ನೂಲು, ಹುರಿಗೊಳಿಸಿದುದು ದಾರ. ಇಂಗ್ಲಿಷಿನ 'ಕಾಟನ್' ಎಂಬ ಒಂದೇ ಮಾತು ಗಿಡಕ್ಕೂ ಅರಳೆಗೂ ದಾರಕ್ಕೂ ಬಟ್ಟೆಗೂ ಸಲ್ಲುತ್ತದೆ. ಇದಕ್ಕೆ ಪ್ರತಿಯಾಗಿ, ನಾರಗಸೆ ಮತ್ತು ಉಣ್ಣೆಗಳನ್ನು ನೂಲುವಾಗ ಎಳೆಗಳನ್ನು ಸುತ್ತಿಡುವ ಕೋಲಿಗೆ ಇಂಗ್ಲಿಷಿನಲ್ಲಿ 'ಡಿಸ್ಟಾಫ್' ಎಂಬ ಹೆಸರುಂಟು. ಮನೆತನದ ಹೆಣ್ಣುಪಾಲಿನ ಸಂಬಂಧವನ್ನು ಹೇಳಲಿಕ್ಕೂ ಅವರು ಅದೇ ಮಾತನ್ನು ಬಳಸುತ್ತಾರೆ. ಹಂಜಿಯನ್ನು ಕೈಯಲ್ಲಿಯೇ ಹಿಡಿದು ನೂಲುವ ನಮ್ಮ ಹೆಂಗಸರಿಗೆ ಆ ಕೋಲೇ ಬೇಕಾಗಿರಲಿಲ್ಲ. ಒಂದು ಭಾಷೆಯ ಬಡತನ ಇನ್ನೊಂದರ ಸಿರಿತನವೆಂದು ಇದನ್ನು ತೂಗಬಾರದು. ಯಾವ ಜನಕ್ಕೆ ಯಾವ ಕೆಲಸವೋ ಅವರಿಗೆ ಆ ಮಾತು.

ಧಾನ್ಯವನ್ನು ಹಸನುಗೊಳಿಸುವ ಕ್ರಿಯಾಪದಗಳಲ್ಲಿಯೂ ಇದೇ ಭೇದ. ಕಣದಲ್ಲಿ ಎತ್ತರದಿಂದ ಗಾಳಿಗೆ ಸುರಿಯುವುದು ತೂರುವುದು. ಮೊರದಲ್ಲಿ ಹಾರಿಸಿ ಹೊಟ್ಟನ್ನು ಕಳೆಯುವುದು ಕೇರುವುದು. ಅದೇ ಮೊರವನ್ನು ಅಲುಗಿಸಿ ನುಚ್ಚನ್ನೂ ಇಡಿಯ ಕಾಳನ್ನೂ ಬೇರೆ ಮಾಡುವುದು ಒನೆಯುವುದು. ನೀರಿನಲ್ಲಿ ಆಡಿಸಿ ಕಲ್ಲನ್ನು ತಳಕ್ಕಿಳಿಸುವುದು ಜಾಲಿಸುವುದು. ಹಗುರವಾದುದನ್ನು ಕಳೆಯುವ ವಿವೇಕ ಬೇರೆ, ಸಣ್ಣದನ್ನು ಬೇರ್ಪಡಿಸುವ ವಿವೇಕ ಬೇರೆ, ಭಾರವಾದ ಕಲ್ಮಷವನ್ನು ಬಿಡುವ ವಿವೇಕ ಬೇರೆ. ಕೊಟ್ಟಣದ ಸೋಮಮ್ಮನಂತಹ, ಬತ್ತ ಕುಟ್ಟುವುದನ್ನೇ ಕಾಯಕವಾಗಿ ಉಳ್ಳ ಶರಣೆಯರ ಕೈಗೆ ಈ ಭೇದಗಳೆಲ್ಲ ತಿಳಿದಿದ್ದವು. ಇಂಗ್ಲಿಷಿನಲ್ಲಿ ತೂರುವುದಕ್ಕೂ ಕೇರುವುದಕ್ಕೂ 'ವಿನೋ' ಎಂಬುದೊಂದೇ ಪದ ರೂಢಿಯಲ್ಲಿದೆ. ಅನುವಾದಕನು ಕ್ರಿಯೆಯನ್ನು ಬಿಡಿಸಿ ಎರಡು ಮಾತು ಹೆಚ್ಚಾಗಿ ಬರೆಯಬೇಕೇ ಹೊರತು, ಒಂದು ಪದಕ್ಕೆ ಒಂದು ಪದವೆಂಬ ಲೆಕ್ಕವನ್ನು ಹಿಡಿಯಬಾರದು.

ವಚನಗಳ ಅನುವಾದದ ವಿಚಾರದಲ್ಲಿ ಇದುವರೆಗೆ ಹೆಚ್ಚಿನ ಚರ್ಚೆ ನಡೆದಿರುವುದು ಅಂಕಿತಗಳನ್ನು ಕುರಿತು. ಎ. ಕೆ. ರಾಮಾನುಜನ್ ಅವರು ೧೯೭೩ರ ತಮ್ಮ 'ಸ್ಪೀಕಿಂಗ್ ಆಫ್ ಶಿವ' ಗ್ರಂಥದಲ್ಲಿ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳನ್ನು ಅರ್ಥಾನುಸಾರವಾಗಿ ಇಂಗ್ಲಿಷಿಗೆ ತಂದುದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಅಂಕಿತವು ಮುಖ್ಯವೇ ಸರಿ. ಆದರೆ ಅಂಕಿತವು ಬದಲಾದರೂ ಓದುಗನಿಗೆ ಅದು ದೇವರ ಹೆಸರೆಂಬುದು ತಿಳಿಯುತ್ತದೆ. ಮುಳ್ಳು ಗಿಡದ ಮುಳ್ಳಾದರೆ ವಚನವೇ ತಲೆಕೆಳಗಾಗುತ್ತದೆ. ಇದರ ಚರ್ಚೆ ಎಲ್ಲಿ ನಡೆದಿದೆ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಅನುಭಾವಿಗೆ ಉಪಕರಣವು ನೆಪ ಮಾತ್ರ. ದಡ ಸೇರಿದ ಮೇಲೆ ಹರಿಗೋಲಿನ ಚಿಂತೆ ಏಕೆ ಎಂದು ಭಕ್ತರು ಕೇಳಬಹುದು. ದಡ ಸೇರಿದವರಿಗೆ ಈ ಮಾತು ಒಪ್ಪುತ್ತದೆ. ಓದುತ್ತಿರುವ ನಾವು ಇನ್ನೂ ಹೊಳೆಯ ಮಧ್ಯದಲ್ಲಿದ್ದೇವೆ. ಶರಣರಿಗೆ ಉಪಕರಣವು ನೆಪ ಮಾತ್ರವಾಗಿದ್ದರೆ ರೆಮ್ಮವ್ವೆಯು ರಾಟೆಯೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು; ಅಂಗ ಅಂಗವನ್ನೂ ಹೆಸರಿಸುವ ಅಗತ್ಯವಿರಲಿಲ್ಲ.

ಮತ್ತೊಂದು ಎಚ್ಚರಿಕೆಯೂ ಅವಶ್ಯಕ. ಇಂದಿನ ಕುಶಲಕರ್ಮಿಯ ಮಾತನ್ನು ಹನ್ನೆರಡನೆಯ ಶತಮಾನದ ವಚನಕ್ಕೆ ನೇರವಾಗಿ ಹಚ್ಚುವುದೂ ಅಪಾಯಕರ. ರಾಟೆಯೆಂದರೆ ಈಗ ಹಲವು ಕಡೆ ಬಾವಿಯ ಗಾಲಿ. ವಚನಗಳ ಹಸ್ತಪ್ರತಿಗಳಾದರೋ ಬಹುಮಟ್ಟಿಗೆ ಹದಿನೈದನೆಯ ಶತಮಾನದ ಈಚಿನವು. ಈ ಎಚ್ಚರಿಕೆಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ರೆಮ್ಮವ್ವೆಯ ವಚನವೇ ಸಾಕ್ಷಿ. ಭಾರತದಲ್ಲಿ ನೂಲುವ ರಾಟೆಯ ನಿಸ್ಸಂದಿಗ್ಧವಾದ ಮೊದಲ ಉಲ್ಲೇಖವನ್ನು ಇರ್ಫಾನ್ ಹಬೀಬ್ ಅವರಂತಹ ಇತಿಹಾಸಕಾರರು ೧೩೫೦ರಲ್ಲಿ ದಖ್ಖನಿನಲ್ಲಿದ್ದ ಇಸಾಮಿಯು ಬರೆದ ಪಾರಸಿ ಕಾವ್ಯದಲ್ಲಿ ಗುರುತಿಸಿದ್ದಾರೆ. ವಿಜಯಾ ರಾಮಸ್ವಾಮಿಯವರು ರೆಮ್ಮವ್ವೆಯ ವಚನವನ್ನು ಮುಂದಿಟ್ಟು, ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿಯೇ ರಾಟೆಯಿತ್ತೆಂದು ವಾದಿಸಿದ್ದಾರೆ. ಒಂದು ವಚನದ ನಾಲ್ಕು ವಸ್ತುಪದಗಳು ಇಡೀ ದೇಶದ ಕೈಗಾರಿಕೆಯ ಇತಿಹಾಸವನ್ನು ಅಲುಗಾಡಿಸುವಷ್ಟು ಸಮರ್ಥವಾಗಿವೆ. ಆ ಸಾಕ್ಷಿಯು ನಿಲ್ಲಬೇಕಾದರೆ ಪಾಠಾಂತರಗಳನ್ನು ತಾಳೆ ನೋಡಿ, ತೋರಣವೆಂದರೇನು ಬೊಂಬೆಯೆಂದರೇನು ಎಂಬುದನ್ನು ಖಚಿತವಾಗಿ ನಿರ್ಣಯಿಸಬೇಕು. ಅದು ಇತಿಹಾಸಕಾರರ ಕೆಲಸವಲ್ಲ, ವಚನಗಳನ್ನು ಓದುವ ನಮ್ಮ ಕೆಲಸ.

ಆಧಾರ ಸಾಮಗ್ರಿಯಿಲ್ಲವೆಂದು ನಾವು ಹೇಳುವಂತಿಲ್ಲ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ ದಾರಿ ತೆರೆದರು. ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳು ಬಂದು, ಅವುಗಳೊಂದಿಗೆ ಪಾರಿಭಾಷಿಕ ಪದಗಳ ಕೋಶವೂ ಬಂದಿತು. ಕಿಟ್ಟೆಲ್ಲರ ೧೮೯೪ರ ನಿಘಂಟು ಆಡುಮಾತಿನ ವಸ್ತುಪದಗಳ ವಿಷಯದಲ್ಲಿ ಇಂದಿಗೂ ನಂಬಿಕೆಗೆ ಅರ್ಹವಾದುದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡಿತು. ಬರೊ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶವು ನೆರೆಭಾಷೆಗಳ ಸಾಕ್ಷ್ಯವನ್ನು ಒಂದೆಡೆ ಒದಗಿಸುತ್ತದೆ.

ಕೊರತೆಯಿರುವುದು ವಸ್ತುವನ್ನು ಕಣ್ಣಿಗೆ ತೋರಿಸುವ ಕೋಶದಲ್ಲಿ. ಈ ದಿಕ್ಕಿನಲ್ಲಿ ಎರಡು ಮಾದರಿಗಳು ನಮ್ಮ ಮುಂದಿವೆ. ಗ್ರಿಯರ್ಸನ್ ೧೮೮೫ರಲ್ಲಿ ಬಿಹಾರದ ರೈತರ ಬಾಳಿನ ಒಂದೊಂದು ವಸ್ತುವನ್ನೂ ಅದರ ಅಂಗಗಳ ಹೆಸರಿನೊಂದಿಗೆ ವರ್ಣಿಸಿ ಗ್ರಂಥವೊಂದನ್ನು ರಚಿಸಿದರು. ಆಂಧ್ರದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಮಾಂಡಲಿಕ ವೃತ್ತಿಪದಕೋಶದ ಯೋಜನೆಯನ್ನು ಕೈಗೊಂಡು, ೧೯೬೨ರಲ್ಲಿ ಕೃಷಿಯ ಸಂಪುಟವನ್ನೂ ೧೯೭೧ರಲ್ಲಿ ಕೈಮಗ್ಗದ ಸಂಪುಟವನ್ನೂ ಹೊರತಂದರು. ಕನ್ನಡದಲ್ಲಿಯೂ ವೃತ್ತಿಪದಗಳ ಸಂಗ್ರಹಗಳು ಆಗಿವೆ; ಅವುಗಳ ದೃಷ್ಟಿ ಇರುವುದು ಇಂದಿನ ವೃತ್ತಿಯ ಕಡೆಗೆ. ಅವನ್ನು ವಚನಗಳೊಡನೆ ತಾಳೆ ಹಾಕಿ, ಚಿತ್ರಸಹಿತವಾಗಿ ಒಂದು 'ವಚನ ವಸ್ತುಕೋಶ'ವನ್ನು ಸಿದ್ಧಪಡಿಸಬೇಕಾಗಿದೆ. ಪ್ರತಿಯೊಂದು ಪದಕ್ಕೂ ವಸ್ತುವಿನ ರೇಖಾಚಿತ್ರ, ಅಂಗಗಳ ಹೆಸರು, ಮಾಡುವ ಕೆಲಸ, ಪ್ರಾಂತಭೇದ, ನೆರೆಭಾಷೆಯ ರೂಪ, ಅದು ಬರುವ ವಚನಗಳ ಸಂಖ್ಯೆ ಇವಿಷ್ಟು ಇದ್ದರೆ ಸಾಕು.

ಈ ಕಾರ್ಯಕ್ಕೆ ಅವಸರವೂ ಉಂಟು. ಅಳತೆಯ ಮಾತುಗಳ ಗತಿಯನ್ನು ನೋಡಿರಿ. ೧೯೫೬ರ ಕಾಯಿದೆಯ ಮೇರೆಗೆ ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿ ಬಂದಿತು. ಆ ಬಳಿಕ ಕೊಳಗ, ಬಳ್ಳ, ಸೊಲಿಗೆಗಳು ಅಂಗಡಿಯಿಂದ ಹೊರಬಿದ್ದು, ಎರಡು ತಲೆಮಾರುಗಳೊಳಗೆ ನೆನಪಿನಿಂದಲೂ ಜಾರಿದವು. ವಸ್ತು ಹೋದ ಮೇಲೆ ಹೆಸರು ಬಹಳ ದಿನ ಉಳಿಯುವುದಿಲ್ಲ. ಇಳಕಲ್ಲು, ಗುಳೇದಗುಡ್ಡ, ಬನಹಟ್ಟಿಗಳಲ್ಲಿ ಮಗ್ಗದ 'ಮುಳ್ಳು', 'ಕಂಡಿಕೆ'ಗಳ ವಿಚಾರವನ್ನು ಕೇಳಿದರೆ ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಸಂಗ್ರಹವಾಗಬೇಕು.

ನಮ್ಮ ನಾಡಿನ ಮಠಗಳ ಪ್ರಸಾದನಿಲಯಗಳಲ್ಲಿ ನೇಕಾರರ, ಕುಂಬಾರರ, ಬಡಿಗರ, ಮೇದಾರರ, ಒಕ್ಕಲಿಗರ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಓದುತ್ತಿದ್ದಾರೆ. ರಜೆಯಲ್ಲಿ ಊರಿಗೆ ಹೋಗುವಾಗ ಅವರ ಕೈಗೆ ಒಂದು ಪುಟ್ಟ ಪಟ್ಟಿಯನ್ನು ಕೊಟ್ಟು, ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರುವಂತೆ ಹೇಳಿದರೆ, ಕೋಶಕ್ಕೆ ಬೇಕಾದ ಅರ್ಧ ಸಾಮಗ್ರಿಯು ವರ್ಷದೊಳಗೆ ದೊರೆಯುತ್ತದೆ. ತನ್ನ ಮನೆಯ ಕಸುಬಿನ ಮಾತು ಶರಣರ ವಚನದಲ್ಲಿದೆಯೆಂಬುದನ್ನು ಆ ಹುಡುಗನು ಆಗ ಮೊದಲ ಬಾರಿಗೆ ತಿಳಿಯುತ್ತಾನೆ. ಆ ವಚನಕ್ಕೆ ಅರ್ಥ ಹೇಳುವ ಅಧಿಕಾರವು ಪಂಡಿತರಿಗಿಂತ ಮೊದಲು ತನ್ನ ಅಜ್ಜಿಗೆ ಇದೆಯೆಂಬುದನ್ನೂ ಕಾಣುತ್ತಾನೆ. ಪಟ್ಟಿಯ ಮೊದಲ ಐವತ್ತು ಪದಗಳನ್ನು ಆರಿಸಿಕೊಡಲು ವಚನಗಳನ್ನು ಬಲ್ಲ ನಿವೃತ್ತ ಉಪಾಧ್ಯಾಯರು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇದ್ದಾರೆ. ಪೂಜ್ಯರು ಮನಸ್ಸು ಮಾಡಿದರೆ ಬರುವ ಬೇಸಗೆಯ ರಜೆಯಲ್ಲಿಯೇ ಇದನ್ನು ಆರಂಭಿಸಬಹುದು.